ಒಂದು ದೋಣಿ, ಇಬ್ಬರು ಮಕ್ಕಳು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಕ್ರೀಡೆಯ ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಾಯಿದೋಣಿಯ ಪಂದ್ಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕಾಸರಗೋಡಿನವರಾದ ನಾವು ನೀರಿನ ನೆರೆಯವರು. ಚಂದ್ರಗಿರಿ, ಶಿರಿಯ ಹೊಳೆಗಳ ಉಬ್ಬರ ಇಳಿತಗಳನ್ನು ಕಂಡು ಬೆಳೆದವರು. ಬೇಸಗೆಯ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬೀಸುವುದೆಂದು ಇಲ್ಲಿನ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗಾಳಿಯನ್ನು ಹಾಯಿಯಲ್ಲಿ ಹಿಡಿದು ಸ್ಪರ್ಧಿಸುವ ವಿದ್ಯೆಯನ್ನು ಹೊರ ಊರಿನಲ್ಲಿ ಕೆಲವು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಕಲಿಸುತ್ತ ಮಾಡಿದ ಒಂದು ತಪ್ಪಿನಿಂದ ನಾನು ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಇಬ್ಬರು ನಡೆಸುವ ದೋಣಿಯಲ್ಲಿ ಒಬ್ಬರು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿಯುತ್ತಾರೆ. ಇನ್ನೊಬ್ಬರು ಮುಂದಿನ ಸಣ್ಣ ಹಾಯಿಯನ್ನು ನೋಡಿಕೊಳ್ಳುತ್ತಾರೆ. ಗಾಳಿ ಬಲವಾದಾಗ ಕೂವೆಮರದಿಂದ ಬರುವ ತಂತಿಗೆ ಸೊಂಟಪಟ್ಟಿಯನ್ನು ಸಿಕ್ಕಿಸಿ, ದೋಣಿಯ ಅಂಚಿನ ಮೇಲೆ ಕಾಲೂರಿ, ಮೈಯನ್ನು ನೀರಿನ ಮೇಲೆ ಚಾಚಿ ಸಮತೋಲ ಕಾಯುತ್ತಾರೆ. ಗಾಳಿಗೆ ನೇರವಾಗಿ ಎದುರು ಹೋಗಲು ಹಾಯಿದೋಣಿಗೆ ಸಾಧ್ಯವಿಲ್ಲ. ಎಡಕ್ಕೂ ಬಲಕ್ಕೂ ಓರೆಯಾಗಿ ಸಾಗುತ್ತಲೇ ಮುಂದಿನ ಗುರುತನ್ನು ಸೇರಬೇಕು. ಪ್ರತಿ ತಿರುವಿನಲ್ಲಿಯೂ ಇಬ್ಬರೂ ಒಂದೇ ಕ್ಷಣಕ್ಕೆ ಬದಿ ಬದಲಿಸಬೇಕು. ಒಬ್ಬರು ತುಸು ತಡವಾದರೂ ದೋಣಿಯ ವೇಗ ಸತ್ತುಹೋಗುತ್ತದೆ.

ಸಾಮಾನ್ಯವಾಗಿ ತರಬೇತುದಾರರು ಏನು ಮಾಡುತ್ತಾರೆ? ಚುರುಕಾದ ಮಗುವಿನ ಕೈಗೆ ಚುಕ್ಕಾಣಿ ಕೊಟ್ಟು, ಮಾತು ಕಡಿಮೆಯಿರುವ ಮಗುವನ್ನು ಹಗ್ಗ ಎಳೆಯಲು ಕೂರಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಎರಡು ವರ್ಷ ಮುಂಭಾಗದಲ್ಲಿಯೇ ಕುಳಿತ ಹುಡುಗನೊಬ್ಬ ಒಂದು ದಿನ ಬರುವುದನ್ನು ನಿಲ್ಲಿಸಿದ. ಕಾರಣ ಕೇಳಿದಾಗ, ಹಗ್ಗ ಎಳೆಯಲು ಯಾರಾದರೂ ಆದೀತಲ್ಲವೇ ಎಂದ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಸುತ್ತಲಿನ ದೋಣಿಗಳನ್ನೂ ನೀರನ್ನು ಕಪ್ಪಾಗಿಸುತ್ತ ಬರುವ ಗಾಳಿಯನ್ನೂ ಮೊದಲು ಕಂಡು ಹೇಳಬೇಕಾದವನು ಅವನೇ ಆಗಿದ್ದ. ಅದನ್ನು ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ.

ಆದುದರಿಂದ ನನ್ನ ಖಚಿತ ಅಭಿಪ್ರಾಯವಿದು: ಕಲಿಕೆಯ ಮೊದಲ ವರ್ಷಗಳಲ್ಲಿ ಇಬ್ಬರೂ ಮಕ್ಕಳು ಸ್ಥಾನ ಬದಲಿಸುತ್ತಲೇ ಇರಬೇಕು, ಜೊತೆಗಾರರೂ ಬದಲಾಗುತ್ತಿರಬೇಕು. ಹೊಂದಾಣಿಕೆ ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದು. ವರ್ಷಾ ಗೌತಮ್ ಅವರು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಐಶ್ವರ್ಯಾ ನೆಡುಂಚೆಳಿಯನ್ ಅವರೊಂದಿಗೆ ಕಂಚು ಗೆದ್ದರು. 2018ರಲ್ಲಿ ಬೇರೆಯೇ ವರ್ಗದ ದೋಣಿಯಲ್ಲಿ, ಶ್ವೇತಾ ಶೇರ್ವೆಗಾರ್ ಅವರೊಂದಿಗೆ ಬೆಳ್ಳಿ ಗೆದ್ದರು. ಅದೇ ಕೂಟದಲ್ಲಿ ಕಂಚು ಪಡೆದ ವರುಣ್ ಠಕ್ಕರ್ ಮತ್ತು ಕೆ.ಸಿ. ಗಣಪತಿ ಜೋಡಿಯು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯಂತೂ 4.7 ಮೀಟರ್ ಉದ್ದದ '470' ದೋಣಿಯನ್ನು ಒಬ್ಬ ಪುರುಷ, ಒಬ್ಬ ಮಹಿಳೆ ಜೊತೆಯಾಗಿ ನಡೆಸಿದರು. ಹುಡುಗ ಹುಡುಗಿಯರು ಒಂದೇ ಬೆಂಚಿನ ಸಾಲಿನಲ್ಲಿ ಕಲಿತ ನಮ್ಮಂಥ ಶಾಲೆಗೆ ಇದು ಹೊಸ ಸಂಗತಿಯೇನೂ ಅಲ್ಲ.

ದೋಣಿ ಮಗುಚಿದಾಗ ಮಾಡಬೇಕಾದ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ನೀರಿಗೆ ಬಿದ್ದೊಡನೆ ಮಗು ದೋಣಿಯನ್ನು ನೋಡಬಾರದು. ಜೊತೆಗಾರನ ಹೆಸರು ಹಿಡಿದು ಕೂಗಿ, ಉತ್ತರ ಕೇಳಿಸಿಕೊಳ್ಳಬೇಕು. ಆಮೇಲೆ ಒಬ್ಬ ದೋಣಿಯ ಅಡಿಹಲಗೆಯ ಮೇಲೆ ನಿಂತು ಭಾರ ಹಾಕಿದರೆ, ಒಳಗಿನ ಪಟ್ಟಿಯನ್ನು ಹಿಡಿದು ತೇಲುತ್ತಿರುವ ಇನ್ನೊಬ್ಬನನ್ನು ಎತ್ತಿಕೊಂಡೇ ದೋಣಿ ನೆಟ್ಟಗಾಗುತ್ತದೆ. ಒಳಗಿರುವವನು ಹೊರಗಿರುವವನನ್ನು ಮೇಲೆಳೆದುಕೊಳ್ಳುತ್ತಾನೆ. ಇದಕ್ಕಿಂತ ಉತ್ತಮವಾದ ನೀತಿಪಾಠ ಯಾವ ಪಠ್ಯಪುಸ್ತಕದಲ್ಲಿದೆ?

ಇನ್ನೊಂದು ಮಾತು. ಪಂದ್ಯ ಆರಂಭವಾದ ಮೇಲೆ ಗುರು ಹೊರಗಿನಿಂದ ಸಲಹೆ ಕೊಡುವಂತಿಲ್ಲ. ನಿಯಮ ಅದನ್ನು ನಿಷೇಧಿಸುತ್ತದೆ. ಎಡಬದಿಯಿಂದ ಗಾಳಿ ಪಡೆಯುವ ದೋಣಿ ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು. ತಪ್ಪಿದರೆ ಸಾಮಾನ್ಯವಾಗಿ ತಾನೇ ಒಪ್ಪಿಕೊಂಡು, ಎರಡು ಪೂರ್ಣ ಸುತ್ತು ತಿರುಗಿ ಮುಂದುವರಿಯಬೇಕು. ಸೀಟಿ ಊದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಭ್ಯಾಸದ ವೇಳೆಯಲ್ಲಿ ಎಡೆಬಿಡದೆ ಕೂಗಾಡುವ ತರಬೇತುದಾರನ ಮಕ್ಕಳು ಪಂದ್ಯದ ದಿನ ಅನಾಥರಾಗುತ್ತಾರೆ. ಪ್ರಶ್ನೆ ಕೇಳಿ, ಸುಮ್ಮನಾಗಿ, ಉತ್ತರವನ್ನು ಅವರಿಬ್ಬರೇ ಹುಡುಕುವಂತೆ ಮಾಡುವವನೇ ನಿಜವಾದ ಗುರು.

ಕೊನೆಯದಾಗಿ ಭಾಷೆ. 'ಸ್ಟಾರ್‌ಬೋರ್ಡ್', 'ಪ್ರೊಟೆಸ್ಟ್' ಎಂಬ ಕೂಗುಗಳನ್ನು ಎಲ್ಲ ದೋಣಿಗಳವರೂ ಅರಿಯಬೇಕಾದುದರಿಂದ ಹಾಗೆಯೇ ಕಲಿಯಲಿ. ಆದರೆ ದೋಣಿಯೊಳಗೆ ಇಬ್ಬರು ಆಡುವ ಮಾತು ಅವರದೇ ಆಗಿರಲಿ. 'ಗಾಳಿ ಬಂತು, ಮೂರು, ಎರಡು, ಒಂದು' ಎನ್ನುವ ಮಗುವಿಗೆ ಅನುವಾದ ಮಾಡಿಕೊಳ್ಳುವಷ್ಟು ಹೊತ್ತು ಎಲ್ಲಿದೆ? ಮನೆಯಲ್ಲಿ ತುಳು, ಕೊಂಕಣಿ, ಮಲೆಯಾಳ ಆಡುವ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕನ್ನಡದ ಮೂಲಕ ಬೆಸೆದ ಶಾಲೆ ನಮ್ಮದು. ದೋಣಿಯಲ್ಲಿಯೂ ಅದು ಸಾಧ್ಯ.

ನಾಳೆಯೇ ದೋಣಿ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಮೊದಲು ಪ್ರತಿ ಮಗುವಿಗೂ ಈಜು ಬರಲಿ, ಜೀವರಕ್ಷಕ ಅಂಗಿ ಬರಲಿ, ಬೆಂಗಾವಲಿನ ದೋಣಿ ಇರಲಿ. ಮಳೆಗಾಲದಲ್ಲಿ ನೀರಿಗಿಳಿಯುವುದು ಬೇಡ. ಶಾಲೆಯ ಜಗಲಿಯಲ್ಲಿ ಎರಡು ಬೆಂಚುಗಳನ್ನು ಎದುರುಬದುರಾಗಿ ಇಟ್ಟು, ಒಂದೇ ಎಣಿಕೆಗೆ ಬದಿ ಬದಲಿಸುವುದನ್ನು ಕಲಿಸಬಹುದು. ಊರಿನ ಹಿರಿಯ ಬೆಸ್ತರು ಗಾಳಿ, ಸೆಳವು, ಅಳಿವೆಗಳ ಪಾಠ ಹೇಳಲಿ. ಹಳೆ ವಿದ್ಯಾರ್ಥಿಗಳಾದ ನಾವು ಉಳಿದುದಕ್ಕೆ ಹೆಗಲು ಕೊಡೋಣ. ಐವತ್ತು ವರ್ಷ ತುಂಬಿದ ನಮ್ಮ ವಿದ್ಯಾಮಂದಿರದ ಮುಂದಿನ ಮಕ್ಕಳಲ್ಲಿ ಹಗ್ಗ ಎಳೆಯಲು ಯಾರಾದರೂ ಆದೀತೆಂದು ಹೇಳಿ ಮನೆಗೆ ಮರಳುವ ಹುಡುಗ ಒಬ್ಬನೂ ಇರದಿರಲಿ.