ಕೈಗಾ, ಜೈತಾಪುರ ಮತ್ತು ತಪ್ಪಿದ ಗಡುವುಗಳು

ಹಿಂಜವಡಿಯ ನಮ್ಮ ಕಚೇರಿಯಲ್ಲಿ ರತ್ನಾಗಿರಿ ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಊರು ಜೈತಾಪುರದ ಹತ್ತಿರ. ನಾನು ಕಾರವಾರದವನೆಂದು ತಿಳಿದ ದಿನ ಊಟದ ಮೇಜಿನಲ್ಲಿ ಅವರು ಕೇಳಿದ್ದು ಒಂದೇ: 'ಕೈಗಾ ಬಂದ ಮೇಲೆ ನಿಮ್ಮ ಊರಿಗೆ ಏನಾಯ್ತು?'

ಒಂದೇ ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಕೈಗಾ ವಿರೋಧಿಸಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತು ಸೋತರು. 1994ರಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗ ಕುಸಿಯಿತು. ವಾಣಿಜ್ಯ ವಿದ್ಯುತ್ ಉತ್ಪಾದನೆ ಶುರುವಾದದ್ದು 2000ದಲ್ಲಿ. ಅದೇ ಕೈಗಾದ ಒಂದನೇ ಘಟಕ 2018ರಲ್ಲಿ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಬರೆಯಿತು. ನಮ್ಮ ಎಂಜಿನಿಯರುಗಳ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ.

ಅನುಮಾನವಿರುವುದು ಗುರಿಗಳ ಬಗ್ಗೆ. 2000ನೇ ಇಸವಿಗೆ 10,000 ಮೆಗಾವ್ಯಾಟ್ ಎಂದಿದ್ದರು. ಮೂರು ಸಾವಿರವೂ ಆಗಲಿಲ್ಲ. 2020ಕ್ಕೆ 20,000 ಎಂದರು. ಏಳು ಸಾವಿರವೂ ಆಗಲಿಲ್ಲ. ಈಗ 2047ಕ್ಕೆ ಒಂದು ಲಕ್ಷ ಮೆಗಾವ್ಯಾಟ್ ಎಂದು 2025ರ ಬಜೆಟ್ ಹೇಳಿದೆ. ಪೋಖ್ರಾನ್ ನಂತರದ ನಿರ್ಬಂಧ, ಯುರೇನಿಯಂ ಕೊರತೆ, ಹಣದ ಅಡಚಣೆ ಎಲ್ಲವೂ ನಿಜವಾದ ಕಾರಣಗಳೇ. ಆದರೆ 2008ರ ಅಣು ಒಪ್ಪಂದದ ನಂತರವೂ ವೇಗ ಹೆಚ್ಚಲಿಲ್ಲವೇಕೆ? ಜೈತಾಪುರದಲ್ಲಿ 9,900 ಮೆಗಾವ್ಯಾಟ್‌ಗಾಗಿ ಫ್ರಾನ್ಸ್ ಜೊತೆ 2010ರಲ್ಲೇ ಒಪ್ಪಂದವಾಯಿತು. ಮರುವರ್ಷ ಅಲ್ಲಿನ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು. ಒಂದು ರಿಯಾಕ್ಟರ್ ಕೂಡ ಇನ್ನೂ ಎದ್ದಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಗಡುವು ತಪ್ಪಿದರೆ, ಹೊಸ ದಿನಾಂಕ ಕೊಡುವ ಮೊದಲು ಎಲ್ಲಿ ಎಡವಿದೆವು ಎಂದು ಬರೆದು ಕೊಡಬೇಕು. ಸಣ್ಣ ಆ್ಯಪ್‌ಗೇ ಈ ನಿಯಮವಿರುವಾಗ ದೇಶದ ಅಣುಶಕ್ತಿಗೆ ಯಾಕಿಲ್ಲ? ಗಡುವು ಮುಂದೆ ಹೋದಾಗ ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ಸರ್ಕಾರ ಬದಲಾಗುತ್ತದೆ. ಜಮೀನು ಬಿಟ್ಟುಕೊಟ್ಟವನು ಮಾತ್ರ ಕಾಯುತ್ತಲೇ ಇರುತ್ತಾನೆ.

ಕೈಗಾದಲ್ಲಿ ಇನ್ನೆರಡು 700 ಮೆಗಾವ್ಯಾಟ್ ಘಟಕಗಳಿಗೆ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಹೊಸ ಗುರಿಯ ಜೊತೆ ಹಳೆಯ ಗುರಿಯ ಲೆಕ್ಕವನ್ನೂ ಸಂಸತ್ತಿನ ಮುಂದಿಡಲಿ: ಎಷ್ಟು ತಡ, ಎಷ್ಟು ಖರ್ಚು, ಎಷ್ಟು ಕುಟುಂಬಗಳಿಗೆ ಪರಿಹಾರ ಬಾಕಿ. ಊರು ಬಿಟ್ಟು ಬಂದ ನಾವು ರಜೆಗೆ ಹೋದಾಗಲಾದರೂ ನಮ್ಮ ಸಂಸದರನ್ನು ಇದನ್ನೇ ಕೇಳಬೇಕು. ಆಗ ರತ್ನಾಗಿರಿಯ ಗೆಳೆಯರಿಗೆ ಕೊಡಲು ನನ್ನ ಬಳಿಯೂ ಒಂದು ಉತ್ತರವಿರುತ್ತದೆ.