ಅಳೆಯುವ ಮೊದಲೇ ಮಾಯವಾಗುವ ಹಾರ್ಮೋನು

ತಂಗಡಗಿಯಲ್ಲಿ ಜೋಳದ ರೊಟ್ಟಿ ಉಂಡವರ ಕರುಳಿನಿಂದಲೂ, ಪ್ರಯೋಗಾಲಯದಲ್ಲಿ ಕಾಳು ತಿಂದ ಇಲಿಯ ಕರುಳಿನಿಂದಲೂ ಜಿಎಲ್‌ಪಿ-1 ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಸುರಿಸುವಂತೆ ಮೇದೋಜೀರಕ ಗ್ರಂಥಿಗೆ ಹೇಳುವುದು ಅದರ ಕೆಲಸ. ಸಕ್ಕರೆ ಕಾಯಿಲೆಯ ಕೆಲವು ಹೊಸ ಔಷಧಗಳು ಇದನ್ನೇ ಅನುಕರಿಸುತ್ತವೆ.

ಇಷ್ಟು ಅತ್ಯಲ್ಪ ಪ್ರಮಾಣವನ್ನು ಅಳೆಯುವುದು ಹೇಗೆ? ಆ ಹಾರ್ಮೋನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳಿಂದ. 1959-60ರಲ್ಲಿ ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಹೀಗೆ ಇನ್ಸುಲಿನ್ ಅಳೆದು ತೋರಿಸಿದರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು. ಬರ್ಸನ್ ಆಗ ಬದುಕಿರಲಿಲ್ಲ. ಅವರು ಬಳಸಿದ್ದು ವಿಕಿರಣ ಸೂಸುವ ಗುರುತು. ಎಲಿಸಾ ವಿಧಾನದಲ್ಲಿ ಬಣ್ಣ ತರಿಸುವ ಕಿಣ್ವವೇ ಗುರುತು.

ತೊಡಕಿರುವುದು ಅಳತೆಗೆ ಮೊದಲು. ರಕ್ತದ ಡಿಪಿಪಿ-4 ಕಿಣ್ವ ಜಿಎಲ್‌ಪಿ-1ನ್ನು ಕತ್ತರಿಸುತ್ತದೆ. ದೇಹದಲ್ಲಿ ಸುಮಾರು ಎರಡು ನಿಮಿಷಕ್ಕೇ ಅರ್ಧ ಹಾಳು. ರಕ್ತ ಕೊಳವೆಗೆ ಬಂದ ಮೇಲೂ ಈ ಕತ್ತರಿ ಸುಮ್ಮನಿರದು. ಆದ್ದರಿಂದ ಕಿಣ್ವವನ್ನು ತಡೆಯುವ ರಾಸಾಯನಿಕ ಕೊಳವೆಯಲ್ಲಿ ಮೊದಲೇ ಇರಬೇಕು. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು, ತಣ್ಣಗಿರುವಾಗಲೇ ಪ್ಲಾಸ್ಮಾ ಬೇರ್ಪಡಿಸಿ, ಘನೀಕರಿಸಿ ಇಡಬೇಕು.

ಇದರಲ್ಲಿ ಉದಾಸೀನ ಮಾಡಿದರೆ ಒಳ್ಳೆಯ ಔಷಧವೂ ನಿಷ್ಪ್ರಯೋಜಕವೆಂದು ಕಾಣಬಹುದು. ಇಲಿಯ ಜೀವವೂ ವ್ಯರ್ಥ. ಯಂತ್ರ ಕೊಡುವ ಅಂಕಿಯ ಸತ್ಯ ರಕ್ತ ತೆಗೆಯುವ ಕೈಯಲ್ಲಿದೆ. ವಿಜಯಪುರಕ್ಕೋ ಬೆಂಗಳೂರಿಗೋ ಫಾರ್ಮಸಿ ಓದಲು ಹೊರಟ ಮಕ್ಕಳು ಮೊದಲು ಕಲಿಯಬೇಕಾದ ಪಾಠ ಇದೇ.