ಮರಳುಗಾಡಿನ ವಿಹಾರಕೂಟ: ಬಸ್ಸಿನ ಲೆಕ್ಕ ಬೇರೆ, ಜೀಪಿನ ಲೆಕ್ಕ ಬೇರೆ

ಮಹಾನಗರದ ಕನ್ನಡ ಸಂಘಗಳ ವಾರ್ಷಿಕ ವಿಹಾರಕೂಟವೆಂದರೆ ಐವತ್ತು ಆಸನಗಳ ಒಂದು ಬಸ್ಸು, ಬೆಳಗ್ಗೆ ಇಡ್ಲಿ-ವಡೆ, ಲೋನಾವಳ ಇಲ್ಲವೇ ಅಲಿಬಾಗ್, ಊಟದ ಬಳಿಕ ಹೌಸಿ, ಕತ್ತಲಾಗುವ ಮುನ್ನ ವಾಪಸು. ಹಿರಿಯರಿಗೆ ಇಷ್ಟು ಸಾಕು. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಹತ್ತನೇ ತರಗತಿ ದಾಟಿದ ಮೇಲೆ ಈ ಬಸ್ಸು ಹತ್ತುವುದಿಲ್ಲ. ಯುವಜನರು ಸಂಘದತ್ತ ಸುಳಿಯುವುದಿಲ್ಲವೆಂದು ಮಹಾಸಭೆಗಳಲ್ಲಿ ಕೊರಗುವ ಪದಾಧಿಕಾರಿಗಳು, ಅದೇ ಯುವಜನರು 'ಜೈಸಲ್ಮೇರ್‌ಗೆ ಹೋಗಿ ಫೋರ್‌ವೀಲ್ ಡ್ರೈವ್ ಜೀಪಿನಲ್ಲಿ ಮರಳುಗಾಡು ಸುತ್ತಿ, ಡೇರೆ ಹಾಕಿ ಮಲಗೋಣ' ಎಂದರೆ ನಕ್ಕು ಸುಮ್ಮನಾಗಬಾರದು. ಮಕ್ಕಳು-ಮರಿ ಸಮೇತ ಹೋಗಬಹುದಾದ ಪ್ರವಾಸವೇ ಅದು. ಆದರೆ ಬಸ್ಸಿನ ವಿಹಾರಕೂಟ ಏರ್ಪಡಿಸುವ ಕ್ರಮದಲ್ಲಿಯೇ ಇದನ್ನೂ ಏರ್ಪಡಿಸಿದರೆ ಅನಾಹುತ ಕಟ್ಟಿಟ್ಟ ಬುತ್ತಿ.

ಬಸ್ಸಿಗೆ ಜನ ಹೆಚ್ಚಾದಷ್ಟೂ ತಲಾ ವೆಚ್ಚ ಕಡಿಮೆ. ಮರಳುಗಾಡಿನಲ್ಲಿ ಜನ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಮೂರು ಜೀಪು, ಹನ್ನೆರಡು ಮಂದಿ, ಮೂವರು ಚಾಲಕರು, ಅಲ್ಲಿಗೆ ಪಟ್ಟಿ ಮುಗಿಯಬೇಕು. 'ನಮ್ಮ ಭಾವನವರೂ ಬರುತ್ತಾರಂತೆ' ಎಂಬ ಕೊನೆಯ ಗಳಿಗೆಯ ಮಾತಿಗೆ ಕಾರ್ಯದರ್ಶಿಗಳು ಮಣಿಯಬಾರದು. ಒಂದೇ ಜೀಪಿನಲ್ಲಿ ಹೋಗುವುದಂತೂ ಕೂಡದು. ಅದು ಹೂತುಹೋದರೆ ಎಳೆಯುವವರಿರುವುದಿಲ್ಲ.

ಮುಂಬಯಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸ್ವಂತ ಗಾಡಿ ಓಡಿಸಿಕೊಂಡು ಹೋಗುವ ಹುಮ್ಮಸ್ಸು ಕೆಲವರಿಗಿರುತ್ತದೆ. ಸಂಸಾರ ಕಟ್ಟಿಕೊಂಡು ಹೋಗುವವರಿಗೆ ರೈಲಿನಲ್ಲಿ ಜೋಧ್‌ಪುರ ತಲುಪಿ, ಅಲ್ಲಿಂದ ಸುಮಾರು 280 ಕಿಲೋಮೀಟರ್ ದೂರದ ಜೈಸಲ್ಮೇರ್‌ಗೆ ಹೋಗಿ, ಅಲ್ಲಿನ ಚಾಲಕರ ಸಮೇತ ಜೀಪು ಗೊತ್ತುಮಾಡುವುದೇ ಲೇಸು. ಯಾವ ದಿಬ್ಬದ ಹಿಂದೆ ಮರಳು ಕುಸಿಯುತ್ತದೆ ಎಂಬುದು ಆ ಚಾಲಕನಿಗೆ ಗೊತ್ತು. ತಾವೇ ಓಡಿಸಬೇಕೆಂಬ ಹಟವಿದ್ದರೆ ಹಳದಿ ಅಕ್ಷರದ ಕಪ್ಪು ಫಲಕವಿರುವ ಅಧಿಕೃತ ಬಾಡಿಗೆ ವಾಹನವನ್ನೇ ಪಡೆಯಬೇಕು. ಮರಳಿನಲ್ಲಿ ಓಡಿಸಲು ಕರಾರಿನಲ್ಲಿ ಒಪ್ಪಿಗೆ ಇದೆಯೇ ಎಂದು ಓದಿ ನೋಡಬೇಕು. ಇನ್ನೊಂದು ಮೋಸವುಂಟು. 'ಥಾರ್' ಎಂಬ ಹೆಸರಿದ್ದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುತ್ತವೆ ಎಂದಿಲ್ಲ. 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಮಾರುಕಟ್ಟೆಯಲ್ಲಿದೆ, ಹೊರನೋಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ.

ಮರಳಿಗೆ ಇಳಿಯುವ ಮುನ್ನ ಟಯರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ಡಾಂಬರು ರಸ್ತೆಗೆ ಬಂದಾಗ ಮತ್ತೆ ತುಂಬಿಸಿಕೊಳ್ಳಬೇಕು. ಇದಕ್ಕೆ ಸಣ್ಣ ಪಂಪು ಜೊತೆಗಿರಬೇಕು. ಸಲಿಕೆ, ಗಟ್ಟಿ ಹಗ್ಗ, ಚಕ್ರದಡಿ ಇಡಲು ಹಲಗೆ ಇವೂ ಬೇಕು. ಎಳೆಯುವಾಗ ಬಿಗಿದ ಹಗ್ಗದ ಹತ್ತಿರ ಮಕ್ಕಳು ಸುಳಿಯಬಾರದು. ಸಮ್ ಎಂಬಲ್ಲಿ ತೆರೆದ ಜೀಪಿನ ಹಿಂದೆ ಪ್ರವಾಸಿಗರನ್ನು ನಿಲ್ಲಿಸಿಕೊಂಡು ದಿಬ್ಬ ಹಾರಿಸುವ ಆಟ ಇದೆಯಲ್ಲ, ಅದಕ್ಕೂ ಸಂಸಾರದ ಪ್ರವಾಸಕ್ಕೂ ಸಂಬಂಧವೇ ಇಲ್ಲ. ಸೀಟು ಬೆಲ್ಟು ಇಲ್ಲದ ಗಾಡಿಗೆ ಮಗುವನ್ನು ಹತ್ತಿಸಬಾರದು.

ನೀರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಆರು ಲೀಟರ್ ಎಂದು ಹಿಡಿದರೆ ಹದಿನೈದು ಮಂದಿಗೆ ಎರಡು ದಿನಕ್ಕೆ 180 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಒಂಬತ್ತು ಕ್ಯಾನು. ಇನ್ನೊಂದು ದಿನದ ನೀರು ಹೆಚ್ಚುವರಿ ಇರಬೇಕು, ಎಲ್ಲವೂ ಒಂದೇ ಜೀಪಿನಲ್ಲಿ ಇರಬಾರದು. ಊಟದ ಚಿಂತೆ ನಮ್ಮವರಿಗೆ ಬೇಡ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಎರಡು ದಿನ ಸಾಗುತ್ತದೆ.

ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. 'ಮಕ್ಕಳ ಪರೀಕ್ಷೆ ಮುಗಿಯಲಿ, ಮೇ ರಜೆಯಲ್ಲಿ ನೋಡೋಣ' ಎಂಬ ಮಾಮೂಲಿ ತೀರ್ಮಾನ ಇಲ್ಲಿ ನಡೆಯದು. ಜೈಸಲ್ಮೇರ್ ದಾರಿಯಲ್ಲಿಯೇ ಸಿಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಮಳೆಗಾಲವೂ ಬೇಡ. 2006ರ ಆಗಸ್ಟ್‌ನಲ್ಲಿ ಪಕ್ಕದ ಬಾಡ್‌ಮೇರ್ ಜಿಲ್ಲೆಯ ಕವಾಸ್ ಗ್ರಾಮ ನೆರೆಯಲ್ಲಿ ಮುಳುಗಿತ್ತು, ಮರುಭೂಮಿಯಲ್ಲಿ! ನವೆಂಬರಿನಲ್ಲಿ ರಾಜ್ಯೋತ್ಸವದ ಗಡಿಬಿಡಿ ಇರುವುದರಿಂದ ಕ್ರಿಸ್‌ಮಸ್ ರಜೆಯೇ ಸರಿ. ಆಗ ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮುಂಬಯಿಯ ಮಕ್ಕಳಿಗೆ ಸ್ವೆಟರಿನ ಅಭ್ಯಾಸವಿಲ್ಲ. ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ ನಾಲ್ಕಕ್ಕೆಲ್ಲ ಡೇರೆ ಎದ್ದು ನಿಂತಿರಬೇಕು.

ಇನ್ನು ಯಾವ ಸಮಿತಿ ಸಭೆಯಲ್ಲೂ ಚರ್ಚೆಯಾಗದ ವಿಷಯ ಶೌಚದ್ದು. ಗಂಡಸರು ಕೂತು ಗಾಡಿ, ದಾರಿ, ಫೋಟೋ ಎಂದು ಯೋಜನೆ ಮಾಡುತ್ತಾರೆ. ಬಯಲಲ್ಲಿ ಹೆಣ್ಣುಮಕ್ಕಳ ಗತಿಯೇನೆಂದು ಕೇಳುವವರಿಲ್ಲ. ಪರಿಣಾಮವಾಗಿ ಅವರು ನೀರೇ ಕುಡಿಯದೆ ಉಳಿದು, ತಲೆನೋವು, ಉರಿಮೂತ್ರ ಅಂಟಿಸಿಕೊಂಡು ಮರಳುತ್ತಾರೆ. ಆದ್ದರಿಂದ ಈ ಪ್ರವಾಸದ ಯೋಜನೆಯನ್ನು ಮಹಿಳಾ ವಿಭಾಗಕ್ಕೇ ಒಪ್ಪಿಸುವುದು ಒಳಿತು. ಮರೆಗೆ ಪ್ರತ್ಯೇಕ ಸಣ್ಣ ಡೇರೆ, ಗೇಣುದ್ದದ ಗುಂಡಿ ತೋಡಲು ಸಲಿಕೆ, ಬಳಸಿದ ಪ್ಯಾಡು-ಡಯಾಪರ್‌ಗಳನ್ನು ವಾಪಸು ತರಲು ಮುಚ್ಚಳದ ಡಬ್ಬ ಇವು ಮೊದಲ ಪಟ್ಟಿಯಲ್ಲೇ ಬರಬೇಕು. ಅಡುಗೆಯೂ ಹೆಂಗಸರ ಪಾಲಿಗೇ ಬಂದರೆ ಅದು ಅವರಿಗೆ ವಿಹಾರವಾದೀತೇ?

ಅಮೆರಿಕದ ಅರಿಜೋನಾ, ಯೂಟಾ ಕಡೆ ಹೀಗೆ ಸುತ್ತಿ ಬಂದ ಬಂಧುಗಳು ಹಲವರಿಗಿದ್ದಾರೆ. ಅವರ ಸಲಹೆಯೆಲ್ಲ ಇಲ್ಲಿಗೆ ಒಗ್ಗುವುದಿಲ್ಲ. ಫೋನು ಸಿಗದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಅಲ್ಲಿ ಸಾಮಾನ್ಯ. ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗಡಿ ಹತ್ತಿರವೆಂಬುದನ್ನು ಮರೆಯಬಾರದು. 1971ರ ಯುದ್ಧದ ಲೋಂಗೆವಾಲ, ತನೋಟ್ ಮಾತೆಯ ಮಂದಿರ ಇವಕ್ಕೆ ರಸ್ತೆಯಿದೆ. ಅದರಾಚೆ ಸೇನೆ, ಬಿಎಸ್‌ಎಫ್ ಹೇಳಿದ್ದೇ ಕಟ್ಟಳೆ. 2025ರ ಮೇ ತಿಂಗಳಲ್ಲಿ ಜೈಸಲ್ಮೇರ್ ಪಟ್ಟಣವೇ ದೀಪ ಆರಿಸಿ ಕೂತಿತ್ತು. ಹಾಗಾಗಿ ಎಲ್ಲಿ ಡೇರೆ ಹಾಕಬಹುದೆಂದು ಜಿಲ್ಲಾಡಳಿತದಿಂದ ತಿಳಿದು, ಹೋಗುವ ದಾರಿ, ಮರಳುವ ಗಂಟೆಗಳನ್ನು ಪಟ್ಟಣದ ಹೋಟೆಲಿನಲ್ಲೂ ಮುಂಬಯಿಯ ಸಂಘದ ಕಚೇರಿಯಲ್ಲೂ ಬರೆದಿಟ್ಟು ಹೊರಡಬೇಕು.

ಸಿಕ್ಕ ಕಡೆಯೆಲ್ಲ ಚಕ್ರ ಹರಿಸುವ ಹಕ್ಕೂ ಯಾರಿಗಿಲ್ಲ. 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಅಲ್ಲಿದೆ. ನಮ್ಮ ಬಳ್ಳಾರಿಯ ಸಿರುಗುಪ್ಪದ ಎರೆಭೂಮಿಯಲ್ಲಿ ಅಪರೂಪವಾಗಿಹೋದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ದೊಡ್ಡ ಆಸರೆ ಅದೇ. ಅದು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಊರೂರಿಗೆ ಓರಣ್ ಎಂಬ ದೇವರಿಗೆ ಬಿಟ್ಟ ಕುರುಚಲು ಭೂಮಿಯುಂಟು. ತುಳುನಾಡಿನ ನಾಗಬನ, ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕಟ್ಟಿಗೆ ಮುರಿದು ಕ್ಯಾಂಪ್‌ಫೈರ್ ಮಾಡುವ ಬದಲು ಗ್ಯಾಸ್ ಒಲೆ ಒಯ್ಯುವುದು ಮರ್ಯಾದೆ.

ಹೊರಡುವ ತಿಂಗಳು ಮೊದಲು ಕರ್ಜತ್ ಕಡೆ ಯಾರದಾದರೂ ತೋಟದಲ್ಲಿ ಇದೇ ಹನ್ನೆರಡು ಮಂದಿ ಒಂದು ರಾತ್ರಿ ಡೇರೆಯಲ್ಲಿ ಮಲಗಿ ನೋಡಲಿ. ಯಾವ ಮಗು ಕತ್ತಲಿಗೆ ಅಳುತ್ತದೆ, ಯಾವ ಅಜ್ಜನಿಗೆ ನೆಲದಿಂದ ಏಳಲು ಮಂಡಿ ಬಾರದು ಎಂಬುದು ಅಲ್ಲೇ ತಿಳಿಯುತ್ತದೆ. ಅಂಥವರು ಸಮ್‌ನಲ್ಲಿ ಮಂಚ, ಬಚ್ಚಲು ಇರುವ ಖಾಯಂ ಡೇರೆಗಳಲ್ಲಿ ಆ ರಾತ್ರಿ ಉಳಿದುಕೊಂಡು, ಬೆಳಗಿನ ತಿಂಡಿಗೆ ಜೀಪಿನಲ್ಲಿ ಬಂದು ಉಳಿದವರನ್ನು ಸೇರಿಕೊಳ್ಳಬಹುದು.